ಖಾಲಿ ಬಾಟಲಿಗೆ ಬೇರು ಬಂತು

ಗುಜರಿ ಅಂಗಡಿಯಲ್ಲಿ ಎಲ್ಲ ಗಾಜಿನ ಬಾಟಲಿಗೂ ಒಂದೇ ಮರ್ಯಾದೆ ಸಿಗುವುದಿಲ್ಲ. ಕಂದು ಬಣ್ಣದ ಬಿಯರ್ ಬಾಟಲಿಯನ್ನು ಅಂಗಡಿಯವರು ಎಣಿಸಿ ತೆಗೆದುಕೊಳ್ಳುತ್ತಾರೆ. ಅದು ಕ್ರೇಟು ಸೇರಿ ಕಾರ್ಖಾನೆಗೆ ಹೋಗುತ್ತದೆ, ತೊಳೆಸಿಕೊಂಡು ಮತ್ತೆ ತುಂಬಿಸಿಕೊಂಡು ಬರುತ್ತದೆ. ಜಾಮಿನ ಬಾಟಲಿ, ಟೊಮೆಟೊ ಸಾಸಿನದು, ಇನ್‌ಸ್ಟಂಟ್ ಕಾಫಿಯದು, ಜೇನುತುಪ್ಪದ್ದು, ವೈನಿನದು, ಇವುಗಳಿಗೆ ಆ ಭಾಗ್ಯ ಕಡಿಮೆ. ಗಾಜು ತೂಕದಲ್ಲಿ ಭಾರ, ಬೆಲೆಯಲ್ಲಿ ಹಗುರ. ಸಾಗಿಸುವಾಗ ಒಡೆಯುತ್ತದೆ, ಒಡೆದರೆ ಕೈ ಕುಯ್ಯುತ್ತದೆ. ಹಳೇ ಪೇಪರು, ಕಬ್ಬಿಣ, ಪ್ಲಾಸ್ಟಿಕ್ಕನ್ನು ಖುಷಿಯಿಂದ ತೂಗುವವರು ಇಂಥ ಬಾಟಲಿಗಳನ್ನು ಕಂಡರೆ ‘ಇದು ಬೇಡ, ಇಟ್ಕೊಳ್ಳಿ’ ಎನ್ನುವುದೇ ಹೆಚ್ಚು.

ಹೀಗೆ ಬೇಡವಾಗಿ ಮನೆಯಲ್ಲೇ ಉಳಿದ ಬಾಟಲಿಯ ಬಗ್ಗೆ ಈ ಬರಹ. ಗಾಜನ್ನು ಎಷ್ಟು ಸಲ ಬೇಕಾದರೂ ಕರಗಿಸಿ ಹೊಸ ಗಾಜು ಮಾಡಬಹುದು, ಗುಣ ಕೆಡುವುದಿಲ್ಲ. ಮರಳು, ಸೋಡಾ ಬೂದಿ, ಸುಣ್ಣಕಲ್ಲನ್ನು ಬೆರೆಸಿ ಸುಮಾರು 1500 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಯಲ್ಲಿ ಕರಗಿಸಿದರೆ ಗಾಜು. ಆ ಮಿಶ್ರಣಕ್ಕೆ ಶೇ 10ರಷ್ಟು ಹಳೆಯ ಗಾಜಿನ ಚೂರು ಸೇರಿಸಿದರೆ ಇಂಧನದಲ್ಲಿ ಶೇ 2.5ರಿಂದ 3ರಷ್ಟು ಉಳಿತಾಯವಾಗುತ್ತದೆ. ಆದರೆ ಚೂರು ಕುಲುಮೆಯವರೆಗೆ ತಲುಪಬೇಕಲ್ಲ? ಬೆಂಗಳೂರಿನಲ್ಲಿ ಹಸಿ, ಒಣ ಕಸ ಬೇರ್ಪಡಿಸಲು ‘ಎರಡು ಡಬ್ಬ, ಒಂದು ಚೀಲ’ದ ಕ್ರಮವನ್ನು ಹೈಕೋರ್ಟು 2015ರ ಡಿಸೆಂಬರಿನಲ್ಲೇ ಕಡ್ಡಾಯ ಮಾಡಿತು. ಆದರೂ ಅನ್ನ, ಸಾರಿನ ಜತೆ ಅದೇ ಚೀಲದಲ್ಲಿ ಕಟ್ಟಿ ಎಸೆದ ಬಾಟಲಿಗಳು ಇವತ್ತಿಗೂ ಕಾಣುತ್ತವೆ. ಅವು ಕುಲುಮೆಗೆ ಹೋಗುವುದಿಲ್ಲ, ಮಣ್ಣಿನಡಿ ಹೋಗುತ್ತವೆ.

ಆದ್ದರಿಂದ ಗಿಡ ಇಡಲು ಬಾಟಲಿ ಆರಿಸುವಾಗ ಮೊದಲ ಲೆಕ್ಕಾಚಾರ ಅಂದದ್ದಲ್ಲ, ದಾರಿಯದ್ದು. ಮರಳಿ ತುಂಬುವ ದಾರಿ ಇರುವ ಬಾಟಲಿ ಆ ದಾರಿಯಲ್ಲೇ ಹೋಗಲಿ. ಯಾವ ದಾರಿಯೂ ಇಲ್ಲದ್ದಕ್ಕೆ ನಮ್ಮ ಕಿಟಕಿಯಲ್ಲಿ ಜಾಗ ಕೊಡೋಣ. ಹಳೆಯದರಂತೆ ಕಾಣುವ ಹೊಸ ಗಾಜಿನ ಬಾಟಲಿಗಳನ್ನು ‘ಪ್ಲಾಂಟರ್’ ಎಂದು ದುಡ್ಡು ಕೊಟ್ಟು ತರಿಸುವುದರಲ್ಲಿ ನನಗಂತೂ ಅರ್ಥ ಕಾಣುವುದಿಲ್ಲ.

ನಮ್ಮ ಮನೆಗಳಲ್ಲಿ ಗಾಜಿನ ಬಾಟಲಿ ಕಸವಾದದ್ದು ಇತ್ತೀಚೆಗೆ. ಹಾರ್ಲಿಕ್ಸ್ ಮುಗಿದರೆ ಆ ಬಾಟಲಿ ಸಾಸಿವೆಗೋ ಮೆಂತ್ಯಕ್ಕೋ ಚಟ್ನಿಪುಡಿಗೋ ಮೀಸಲಾಗುತ್ತಿತ್ತು. ಅಗಲ ಬಾಯಿಯದು ಉಪ್ಪಿನಕಾಯಿಗೆ, ಸಣ್ಣ ಬಾಯಿಯದು ಎಣ್ಣೆಗೆ. ಉಳಿದ ಒಂದಕ್ಕೆ ನೀರು ತುಂಬಿ ಮನಿ ಪ್ಲಾಂಟಿನ ಕುಡಿ ಹಾಕಿ ಟೀವಿಯ ಮೇಲೋ ಶೋಕೇಸಿನೊಳಗೋ ಇಡುತ್ತಿದ್ದರು. ಮನಿ ಪ್ಲಾಂಟನ್ನು ಕೇಳಿ ತರಬಾರದು, ಕದ್ದು ತಂದರೇ ದುಡ್ಡು ಬರುತ್ತದೆ ಎಂಬ ನಂಬಿಕೆ ಬೇರೆ! ಎಷ್ಟೋ ಕಾಂಪೌಂಡುಗಳ ಬಳ್ಳಿ ಆ ನಂಬಿಕೆಯಿಂದಲೇ ಬೋಳಾಗಿರಬೇಕು. ಕೇಳಿ ತಂದ ಕುಡಿಯೂ ಅಷ್ಟೇ ಚೆನ್ನಾಗಿ ಚಿಗುರುತ್ತದೆ.

ಗೆಣ್ಣಿನಲ್ಲಿದೆ ಗುಟ್ಟು

ಬಾಟಲಿ ತೊಳೆಯುವುದಕ್ಕೆ ದೊಡ್ಡ ವಿದ್ಯೆಯೇನೂ ಬೇಡ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಒಂದು ರಾತ್ರಿ ಮುಳುಗಿಸಿಟ್ಟರೆ ಲೇಬಲ್ಲು ತಾನಾಗಿ ಬಿಡುತ್ತದೆ. ಅಂಟು ಉಳಿದರೆ ಕೊಬ್ಬರಿ ಎಣ್ಣೆ ಸವರಿ ಉಜ್ಜಬೇಕು. ಬ್ರಷ್ಷು ಇಳಿಯದ ಕಿರಿದಾದ ಕತ್ತಿನ ಬಾಟಲಿಗೆ ಒಂದು ಹಿಡಿ ಅಕ್ಕಿ, ಸ್ವಲ್ಪ ನೀರು ಹಾಕಿ ಜೋರಾಗಿ ಕುಲುಕಿದರೆ ಒಳಗಿನ ಲೋಳೆಯೆಲ್ಲ ಕಿತ್ತುಬರುತ್ತದೆ. ಬೋರ್‌ವೆಲ್ ನೀರಿನಿಂದ ಕಟ್ಟುವ ಬಿಳಿ ಪದರಕ್ಕೆ ನಿಂಬೆರಸ ಅಥವಾ ವಿನೆಗರ್ ಸಾಕು. ಆದರೆ ಫಿನಾಯಿಲ್, ಆಸಿಡ್, ಕೀಟನಾಶಕ ತುಂಬಿದ್ದ ಬಾಟಲಿಯನ್ನು ಎಷ್ಟೇ ತೊಳೆದರೂ ಈ ಕೆಲಸಕ್ಕೆ ತೆಗೆದುಕೊಳ್ಳಬೇಡಿ.

ಬಣ್ಣವೂ ಮುಖ್ಯ. ಬೇರು ಕತ್ತಲೆಗೆ ಒಗ್ಗಿದ್ದು. ಕಂದು, ಹಸಿರು ಗಾಜಿನೊಳಗೆ ಬೆಳಕು ಕಡಿಮೆ ಇಳಿಯುವುದರಿಂದ ಪಾಚಿ ನಿಧಾನವಾಗಿ ಕಟ್ಟುತ್ತದೆ. ಬಿಳಿ ಗಾಜಿನಲ್ಲಿ ಪಾಚಿ ಬೇಗ, ಆದರೆ ಬೇರು ಇಳಿಯುವುದನ್ನು ಕಣ್ಣಾರೆ ನೋಡಬಹುದು. ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಒಂದಾದರೂ ಬಿಳಿ ಬಾಟಲಿ ಇರಲಿ. ಪುಸ್ತಕದ ಚಿತ್ರದಲ್ಲಿ ಕಂಡ ಬೇರುರೋಮಗಳು ಗಾಜಿನಾಚೆ ನಿಜವಾಗಿ ಚಾಚಿಕೊಳ್ಳುವುದನ್ನು ಅವರು ನೋಡಬೇಕು.

ಇನ್ನು ಗಿಡ. ಮನಿ ಪ್ಲಾಂಟಿನ ಒಂದು ಚೆಂದದ ಎಲೆಯನ್ನು ತೊಟ್ಟಿನ ಸಮೇತ ಕಿತ್ತು ನೀರಲ್ಲಿಟ್ಟರೆ ತಿಂಗಳುಗಟ್ಟಲೆ ಹಸಿರಾಗೇ ಇರಬಹುದು, ಬಳ್ಳಿಯಾಗುವುದಿಲ್ಲ. ಹೊಸ ಚಿಗುರು ಒಡೆಯುವ ಶಕ್ತಿ ಇರುವುದು ಕಾಂಡದ ಗೆಣ್ಣಿನಲ್ಲಿ. ಬಳ್ಳಿಯಲ್ಲಿ ಎಲೆ ಹುಟ್ಟುವ ಜಾಗದ ಎದುರು ಕಂದು ಬಣ್ಣದ ಸಣ್ಣ ಮೊಳೆಯೊಂದು ಕಾಣುತ್ತದೆ, ಅದು ಗಾಳಿಬೇರಿನ ಮೊದಲು. ಅದರ ಅರ್ಧ ಇಂಚು ಕೆಳಗೆ ಹರಿತ ಕತ್ತರಿಯಿಂದ ಓರೆಯಾಗಿ ಕತ್ತರಿಸಿ, ಒಂದೆರಡು ಗೆಣ್ಣು ಮುಳುಗುವಂತೆ, ಎಲೆ ಮಾತ್ರ ಮುಳುಗದಂತೆ ಇಡಬೇಕು. ಮುಳುಗಿದ ಎಲೆ ಕೊಳೆತು ನೀರನ್ನೆಲ್ಲ ಕೆಡಿಸುತ್ತದೆ. ಎರಡು ಮೂರು ವಾರದಲ್ಲಿ ಬಿಳಿ ಬೇರು ಇಳಿಯುತ್ತದೆ.

ಈ ಮನಿ ಪ್ಲಾಂಟಿನ ಮೂಲ ನಮ್ಮ ದೇಶವಲ್ಲ, ಪೆಸಿಫಿಕ್ ಸಾಗರದ ಮೊರೇಯಾ ಎಂಬ ದ್ವೀಪ. ಅದು ಹೂ ಬಿಟ್ಟದ್ದನ್ನು ನೋಡಿದವರು ತೀರಾ ವಿರಳ. ಹೂ ಅರಳಲು ಬೇಕಾದ ಜಿಬ್ಬರೆಲಿನ್ ಎಂಬ ಹಾರ್ಮೋನನ್ನು ತಯಾರಿಸುವ ವಂಶವಾಹಿ ಅದರಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲವೆಂದು 2016ರಲ್ಲಿ ವಿಜ್ಞಾನಿಗಳು ತೋರಿಸಿದರು. ಹೂವಿಲ್ಲ, ಬೀಜವಿಲ್ಲ. ಅಂದರೆ ನಮ್ಮೂರಿನ ಮನೆಮನೆಯ ಮನಿ ಪ್ಲಾಂಟೆಲ್ಲ ಕೈಯಿಂದ ಕೈಗೆ ಕುಡಿಯಾಗಿ ದಾಟುತ್ತಲೇ ಬಂದದ್ದು. ಆ ದಾಟುವ ಹೊತ್ತಿನಲ್ಲಿ ಕುಡಿ ತಂಗಿದ ಜಾಗ ಬಹುಮಟ್ಟಿಗೆ ಯಾವುದೋ ಖಾಲಿ ಬಾಟಲಿಯೇ.

ನೀರಿನಲ್ಲಿ ಬದುಕುವ ಬೇರೆ ಗಿಡಗಳೂ ಬೇಕಾದಷ್ಟಿವೆ. ಸಿಂಗೋನಿಯಂ, ಫಿಲೋಡೆಂಡ್ರಾನ್, ಸ್ಪೈಡರ್ ಪ್ಲಾಂಟ್ ವರ್ಷಗಟ್ಟಲೆ ನಿಲ್ಲುತ್ತವೆ. ಬಣ್ಣದೆಲೆಯ ಕೋಲಿಯಸ್ ವಾರದೊಳಗೆ ಬೇರು ಬಿಟ್ಟು ಅಚ್ಚರಿ ಹುಟ್ಟಿಸುತ್ತದೆ. ಅಂಗಡಿಯಲ್ಲಿ ‘ಲಕ್ಕಿ ಬ್ಯಾಂಬೂ’ ಎಂದು ಮಾರುವುದು ಬಿದಿರೂ ಅಲ್ಲ, ಚೀನಾದ್ದೂ ಅಲ್ಲ, ಮಧ್ಯ ಆಫ್ರಿಕಾ ಮೂಲದ ಡ್ರಸೀನಾ. ಸ್ನೇಕ್ ಪ್ಲಾಂಟಿನ ಎಲೆತುಂಡು ನೀರಲ್ಲಿ ಬೇರು ಬಿಡಲು ಒಂದೆರಡು ತಿಂಗಳು ಹಿಡಿಯುತ್ತದೆ, ಮತ್ತು ಹಳದಿ ಅಂಚಿನ ಜಾತಿಯಾದರೆ ಹೊಸ ಮರಿಯಲ್ಲಿ ಆ ಅಂಚು ಇರುವುದಿಲ್ಲ, ಬರೀ ಹಸಿರು. ಅಂಚು ಬೇಕೆಂದರೆ ಬುಡದ ಮರಿಯನ್ನೇ ಬೇರ್ಪಡಿಸಬೇಕು.

ನನಗೆ ಹೆಚ್ಚು ಇಷ್ಟವಾದವು ಅಡುಗೆಮನೆಯವೇ. ಸೊಪ್ಪಿನ ಕಟ್ಟಿನಲ್ಲಿ ಬಂದ ಪುದೀನದ ಬಲಿತ ಕಡ್ಡಿ, ಬಸಳೆಯ ದಂಟು, ದೊಡ್ಡಪತ್ರೆಯ ಕುಡಿ, ತುಳಸಿಯ ತುದಿ, ಎಲ್ಲವೂ ನೀರಲ್ಲಿ ಬೇರು ಬಿಡುತ್ತವೆ. ಬೇರು ಸಮೇತ ತಂದ ಒಂದೆಲಗ ಅಗಲ ಬಾಯಿಯ ಬಾಟಲಿಯಲ್ಲಿ ಸೊಂಪಾಗಿ ಹಬ್ಬುತ್ತದೆ. ಸಿಹಿಗೆಣಸಿನ ನಡುವಿಗೆ ಮೂರು ಟೂತ್‌ಪಿಕ್ ಚುಚ್ಚಿ ಜಾಮಿನ ಬಾಟಲಿಯ ಬಾಯಿಗೆ ಕೂರಿಸಿ, ತಳ ಮಾತ್ರ ನೀರಿಗೆ ತಾಗಿಸಿದರೆ ಕೆಲವೇ ವಾರದಲ್ಲಿ ಕಿಟಕಿಯ ಸರಳಿಗೆ ಬಳ್ಳಿ ಸುತ್ತುತ್ತದೆ. ಇವುಗಳಲ್ಲಿ ಹೆಚ್ಚಿನವು ಕೊನೆಯವರೆಗೂ ನೀರಲ್ಲೇ ಇರುವ ಗಿಡಗಳಲ್ಲ. ಬೇರು ಎರಡು ಮೂರು ಇಂಚು ಆದಾಗ ಮಣ್ಣಿಗೆ ಇಳಿಸಿಬಿಡಿ. ತಡಮಾಡಿದಷ್ಟೂ ನೀರಿನ ಬೇರಿಗೆ ಮಣ್ಣು ಒಗ್ಗುವುದು ಕಷ್ಟ.

ನೀರು ಬದಲಿಸಿ, ಪಕ್ಕೆ ಉಜ್ಜಿ

ಕುಂಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ ಎನ್ನುತ್ತೇವೆ, ಆದರೆ ಅದೇ ಬಳ್ಳಿ ಬರೀ ನೀರಲ್ಲಿ ಹೇಗೆ ಬದುಕುತ್ತದೆ? ಬೇರನ್ನು ಕೊಲ್ಲುವುದು ನೀರಲ್ಲ, ಆಮ್ಲಜನಕದ ಕೊರತೆ. ಕೆಸರು ಮಣ್ಣಿನಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಇದ್ದಬದ್ದ ಆಮ್ಲಜನಕವನ್ನು ಮುಗಿಸಿಬಿಡುತ್ತವೆ. ಶುದ್ಧ ನೀರಿನಲ್ಲಿ, 25 ಡಿಗ್ರಿ ಶಾಖದಲ್ಲಿ, ಲೀಟರಿಗೆ ಸುಮಾರು 8 ಮಿಲಿಗ್ರಾಂ ಕರಗಿರುತ್ತದೆ. ನೀರಿನಲ್ಲೇ ಹುಟ್ಟಿದ ಬೇರು ಒಳಗೆ ಗಾಳಿಯ ಸಣ್ಣ ಸಣ್ಣ ಕೊಳವೆಗಳನ್ನು ಮಾಡಿಕೊಂಡು ಎಲೆಯ ಕಡೆಯಿಂದಲೂ ಉಸಿರು ತರಿಸಿಕೊಳ್ಳುತ್ತದೆ. ನಾವು ಮಾಡಬೇಕಾದ್ದು ಇಷ್ಟೇ: ಬಾಟಲಿಯನ್ನು ಕಂಠದವರೆಗೆ ತುಂಬದೆ ಬೇರಿನ ಮೇಲ್ಭಾಗಕ್ಕೆ ಒಂದಿಷ್ಟು ಗಾಳಿ ಬಿಡುವುದು, ವಾರಕ್ಕೊಮ್ಮೆ ನೀರು ಬದಲಿಸುವುದು. ಕ್ಲೋರಿನ್ ವಾಸನೆಯ ನಲ್ಲಿ ನೀರಾದರೆ ರಾತ್ರಿ ತೆರೆದಿಟ್ಟು ಬೆಳಿಗ್ಗೆ ಹಾಕಿದರಾಯಿತು. ನೀರಿನಲ್ಲಿ ಗೊಬ್ಬರದ ಸತ್ವ ಇರುವುದಿಲ್ಲವಾದ್ದರಿಂದ ತಿಂಗಳಿಗೊಮ್ಮೆ ದ್ರವಗೊಬ್ಬರವನ್ನು ಬಹಳ ತೆಳ್ಳಗೆ ಮಾಡಿ ಕೊಡಬೇಕು. ಮೀನಿನ ತೊಟ್ಟಿಯಿದ್ದರೆ ಅದರ ಹಳೆಯ ನೀರೇ ಒಳ್ಳೆಯ ಆಹಾರ.

ವಾರಕ್ಕೊಮ್ಮೆ ಎಂದದ್ದಕ್ಕೆ ಇನ್ನೊಂದು ಕಾರಣವಿದೆ, ಅದು ಗಿಡಕ್ಕಿಂತ ದೊಡ್ಡದು. ಡೆಂಗಿ ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆಗೆ ಚರಂಡಿಯ ಕೊಳಕು ನೀರು ಬೇಡ. ಮನೆಯೊಳಗಿನ ತಿಳಿನೀರೇ ಬೇಕು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಬೆಚ್ಚನೆಯ ದಿನಗಳಲ್ಲಿ ಏಳರಿಂದ ಹತ್ತು ದಿನ ಸಾಕು. ಅದು ಮೊಟ್ಟೆಯಿಡುವುದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಬಾಟಲಿಯ ಒಳಗೋಡೆಗೆ ಅಂಟಿಸಿ. ಆ ಮೊಟ್ಟೆಗಳು ನೀರಿಲ್ಲದೆ ತಿಂಗಳುಗಟ್ಟಲೆ ಒಣಗಿಕೊಂಡೇ ಕಾಯಬಲ್ಲವು. ಆದ್ದರಿಂದ ನೀರು ಚೆಲ್ಲಿ ಮತ್ತೆ ತುಂಬಿದರೆ ಸಾಲದು, ಒಳಗಿನ ಪಕ್ಕೆಯನ್ನು ಉಜ್ಜಬೇಕು. ಕಾಂಡದ ಸುತ್ತ ಬಾಟಲಿಯ ಬಾಯಿಗೆ ಹತ್ತಿಯನ್ನೋ ತೆಂಗಿನ ನಾರನ್ನೋ ತುರುಕಿ ಸೊಳ್ಳೆಗೆ ದಾರಿ ಮುಚ್ಚಬೇಕು. ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಬಿಡುವ ಮನೆಗಳಿಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ದಂಡದ ಮಾತು ಬಿಡಿ, ಪಕ್ಕದ ಮನೆಯ ಮಗು ಜ್ವರದಲ್ಲಿ ಮಲಗುವುದಕ್ಕೆ ನಮ್ಮ ಹಸಿರು ಕಾರಣವಾಗಕೂಡದು. ವಾರಕ್ಕೊಮ್ಮೆ ನೀರು ಬದಲಿಸಲು ಬಿಡುವಿಲ್ಲದವರು ಬಾಟಲಿಯಲ್ಲಿ ಗಿಡ ಇಡದಿರುವುದೇ ಸರಿ.

ಬಾಟಲಿಗೆ ಮಣ್ಣು ತುಂಬಿ ಗಿಡ ನೆಡುವವರಿಗೂ ಒಂದು ಮಾತು. ತಳದಲ್ಲಿ ತೂತಿಲ್ಲದಿದ್ದರೇನು, ಒಂದು ಪದರ ಜಲ್ಲಿ ಹಾಕಿದರೆ ನೀರು ಬಸಿಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಬಸಿಯುವುದಿಲ್ಲ. ಸಣ್ಣ ಕಣದ ಮಣ್ಣು ತನ್ನ ನೀರನ್ನು ದೊಡ್ಡ ಕಣದ ಜಲ್ಲಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಪೂರ್ತಿ ತೊಯ್ದು ತೊಪ್ಪೆಯಾದ ಮೇಲಷ್ಟೇ ಕೆಳಗಿಳಿಸುತ್ತದೆ. ಅಷ್ಟರಲ್ಲಿ ಬೇರು ಕೆಟ್ಟಿರುತ್ತದೆ. ಮಣ್ಣಿನ ಗಿಡವೇ ಬೇಕಿದ್ದರೆ ಬಾಟಲಿಯನ್ನು ಕುಂಡ ಮಾಡಬೇಡಿ, ನೀರಿನ ತೊಟ್ಟಿ ಮಾಡಿ. ಅಗಲ ಬಾಯಿಯ ಬಾಟಲಿಯ ಮೇಲೆ ಸರಿಯಾಗಿ ಕೂರುವ ಪುಟ್ಟ ಕುಂಡ ಹುಡುಕಿ, ಅದರ ತೂತಿನಿಂದ ದಪ್ಪನೆಯ ಹತ್ತಿಯ ಬತ್ತಿಯೊಂದನ್ನು ಕೆಳಗಿನ ನೀರಿಗೆ ಇಳಿಬಿಡಿ. ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಅದು ಮಣ್ಣಿಗೆ ಬೇಕಾದಷ್ಟೇ ನೀರು ಏರಿಸುತ್ತದೆ.

ಬಾಟಲಿ ಕತ್ತರಿಸುವ ಗೀಳಿನ ಬಗ್ಗೆಯೂ ಹೇಳಲೇಬೇಕು. ಸೀಮೆಎಣ್ಣೆಯಲ್ಲೋ ಸ್ಪಿರಿಟ್ಟಿನಲ್ಲೋ ಅದ್ದಿದ ದಾರವನ್ನು ಬಾಟಲಿಯ ನಡುವಿಗೆ ಸುತ್ತಿ, ಬೆಂಕಿ ಕೊಟ್ಟು, ತಣ್ಣೀರಿಗೆ ಮುಳುಗಿಸಿ ಎರಡು ಮಾಡುವ ವಿಧಾನವನ್ನು ಫೋನಿನ ವಿಡಿಯೊಗಳಲ್ಲಿ ನೀವೂ ನೋಡಿರುತ್ತೀರಿ. ಕಾದ ಭಾಗ ಹಿಗ್ಗಿ, ತಣ್ಣೀರಿಗೆ ತಟ್ಟನೆ ಕುಗ್ಗಿ ಗಾಜು ಬಿರಿಯುತ್ತದೆ ಎಂಬುದು ನಿಜ. ಆದರೆ ಬಿರುಕು ದಾರದ ಗೆರೆಯಲ್ಲೇ ಓಡಬೇಕೆಂಬ ಕರಾರೇನೂ ಇಲ್ಲ. ಬಾಟಲಿಯ ಗಾಜು ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲವಾದ್ದರಿಂದ ಅದು ಎತ್ತಲೋ ಹೊರಳುತ್ತದೆ, ಚೂರು ಎಲ್ಲಿಗೋ ಸಿಡಿಯುತ್ತದೆ. ಗೆರೆ ಕೊರೆಯುವ ಗ್ಲಾಸ್ ಕಟರ್ ಬಳಸುವುದು ಇದಕ್ಕಿಂತ ಮೇಲು, ಆದರೂ ಕನ್ನಡಕ, ಕೈಗವಸು ಬೇಕು, ಅಂಚನ್ನು ನೀರು ಹಾಕುತ್ತಲೇ ವಾಟರ್ ಪೇಪರಿನಿಂದ ಉಜ್ಜಬೇಕು, ಗಾಜಿನ ಧೂಳು ಉಸಿರಿಗೆ ಹೋಗಬಾರದು. ನನ್ನ ಅಭಿಪ್ರಾಯ ಖಚಿತ: ಕತ್ತರಿಸಬೇಡಿ. ಬಾಟಲಿಯ ಅತ್ಯುತ್ತಮ ಭಾಗವೇ ಅದರ ಕಿರಿದಾದ ಕತ್ತು. ಕಾಂಡವನ್ನು ನೆಟ್ಟಗೆ ಹಿಡಿಯುವುದು, ನೀರು ಬೇಗ ಆರದಂತೆ ನೋಡಿಕೊಳ್ಳುವುದು, ಸೊಳ್ಳೆಗೆ ಬಾಯಿ ಚಿಕ್ಕದು ಮಾಡುವುದು ಅದೇ ಕತ್ತು. ಅದನ್ನು ಕೊಯ್ದು ಬಿಸಾಡಿದರೆ ಉಳಿಯುವುದು ಹರಿತ ಅಂಚಿನ ಒಂದು ಲೋಟ.

ಲಂಡನ್ನಿನ ವೈದ್ಯನ ಬಾಟಲಿ

ಬಾಟಲಿಯೊಳಗಿನ ಗಿಡ ಒಮ್ಮೆ ಜಗತ್ತಿನ ಕೃಷಿಯನ್ನೇ ಬದಲಿಸಿದೆ. ಲಂಡನ್ನಿನ ಪೂರ್ವಭಾಗದ ವೆಲ್‌ಕ್ಲೋಸ್ ಸ್ಕ್ವೇರಿನಲ್ಲಿದ್ದ ವೈದ್ಯ ನಥಾನಿಯಲ್ ಬ್ಯಾಗ್‌ಶಾ ವಾರ್ಡ್‌ಗೆ ಜರೀಗಿಡಗಳೆಂದರೆ ಪ್ರಾಣ. ಕಲ್ಲಿದ್ದಲಿನ ಹೊಗೆ ತುಂಬಿದ ಆ ಊರಿನಲ್ಲಿ ಅವು ಉಳಿಯುತ್ತಿರಲಿಲ್ಲ. 1829ರ ಸುಮಾರಿಗೆ ಆತ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನಲ್ಲಿ ಹುದುಗಿಸಿ ಬಾಟಲಿಯಲ್ಲಿ ಮುಚ್ಚಿಟ್ಟ. ಪತಂಗಕ್ಕಾಗಿ ಕಾಯುತ್ತಿದ್ದವನಿಗೆ ಕಂಡದ್ದು ಮಣ್ಣಿನಿಂದ ತಾನಾಗಿ ಎದ್ದ ಒಂದು ಪುಟ್ಟ ಜರೀಗಿಡ, ಒಂದು ಹುಲ್ಲು. ಹಗಲಲ್ಲಿ ಆವಿಯಾದ ನೀರು ಗಾಜಿಗೆ ತಾಗಿ ಹನಿಯಾಗಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಯಾರೂ ನೀರು ಹಾಕದೆ ಆ ಗಿಡಗಳು ನಾಲ್ಕು ವರ್ಷದ ಹತ್ತಿರ ಬದುಕಿದವು. ಮುಚ್ಚಳ ತುಕ್ಕು ಹಿಡಿದು ಮಳೆನೀರು ಒಳನುಗ್ಗಿದ ಮೇಲೆಯೇ ಅವು ಸತ್ತದ್ದು.

ವಾರ್ಡ್ ಇದನ್ನು ಗಾಜಿನ ಪೆಟ್ಟಿಗೆಯಾಗಿ ಬೆಳೆಸಿ 1833ರಲ್ಲಿ ಗಿಡಗಳನ್ನು ಹಡಗಿನಲ್ಲಿ ಸಿಡ್ನಿಗೆ ಕಳಿಸಿದ. ತಿಂಗಳುಗಟ್ಟಲೆಯ ಸಮುದ್ರಯಾನ ಮುಗಿಸಿ ಅವು ಜೀವಂತ ತಲುಪಿದವು. ಅಲ್ಲಿಯವರೆಗೆ ಉಪ್ಪುಗಾಳಿಗೆ, ಸಿಹಿನೀರಿನ ಕೊರತೆಗೆ ಸಿಕ್ಕಿ ಹಡಗಿನ ಗಿಡಗಳಲ್ಲಿ ಹೆಚ್ಚಿನವು ದಾರಿಯಲ್ಲೇ ಸಾಯುತ್ತಿದ್ದವು. 1842ರಲ್ಲಿ ಆತ ಈ ಬಗ್ಗೆ ಪುಸ್ತಕವನ್ನೂ ಬರೆದ. ಮುಂದೆ ಸಸ್ಯ ಸಂಗ್ರಾಹಕ ರಾಬರ್ಟ್ ಫಾರ್ಚೂನ್ ಚೀನಾದ ಚಹಾ ಗಿಡಗಳನ್ನು ಹಿಮಾಲಯದ ತಪ್ಪಲಿಗೆ ಸಾಗಿಸಿದ್ದು ಇದೇ ಪೆಟ್ಟಿಗೆಗಳಲ್ಲಿ. ಮಲೇರಿಯಾಕ್ಕೆ ಮದ್ದಾದ ಕ್ವಿನೈನ್ ಕೊಡುವ ಸಿಂಕೋನಾ ದಕ್ಷಿಣ ಅಮೆರಿಕದಿಂದ ನಮ್ಮ ನೆರೆಯ ನೀಲಗಿರಿಗೆ 1860ರ ದಶಕದ ಆರಂಭದಲ್ಲಿ ಬಂದದ್ದೂ ಹೀಗೆಯೇ. ವಸಾಹತುಗಳ ತೋಟಗಳಿಗೆ ಬೇಕಾದ ಗಿಡಗಳನ್ನೆಲ್ಲ ಸಾಗಿಸಿ, ಎಷ್ಟೋ ಜನರ ನೆಲ ಮತ್ತು ದುಡಿಮೆಯ ಪಾಡನ್ನು ಬದಲಿಸಿದ ಪೆಟ್ಟಿಗೆಯೂ ಅದೇ ಎಂಬುದನ್ನು ಮರೆಯಬಾರದು.

ಮುಚ್ಚಿದ ಬಾಟಲಿಯ ತೋಟ ನಮ್ಮ ಕಾಲದಲ್ಲೂ ಇದೆ. ಇಂಗ್ಲೆಂಡಿನ ಸರ್ರೆ ಪ್ರಾಂತ್ಯದ ಎಂಜಿನಿಯರೊಬ್ಬರು 1960ರಲ್ಲಿ ದೊಡ್ಡ ಗಾಜಿನ ಜಾಡಿಯೊಂದಕ್ಕೆ ಗೊಬ್ಬರಮಣ್ಣು ಹಾಕಿ ಟ್ರೇಡಸ್ಕಾಂಷಿಯ ನೆಟ್ಟರು. ಕೊನೆಯದಾಗಿ ನೀರು ಹಾಕಿದ್ದು 1972ರಲ್ಲಿ. ನಾಲ್ಕು ದಶಕ ಕಳೆದು 2013ರಲ್ಲಿ ಪತ್ರಿಕೆಗಳು ಚಿತ್ರ ಪ್ರಕಟಿಸಿದಾಗ ಜಾಡಿಯ ತುಂಬ ಹಸಿರು. ಉದುರಿದ ಎಲೆ ಕೊಳೆತು ಗೊಬ್ಬರವಾಗುತ್ತದೆ, ಕೊಳೆಯುವಾಗ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಗಿಡ ಬಳಸುತ್ತದೆ, ನೀರು ಅಲ್ಲೇ ಸುತ್ತುತ್ತದೆ. ಹೊರಗಿನಿಂದ ಬೇಕಾದ್ದು ಬೆಳಕು ಮಾತ್ರ.

ಮನೆಯಲ್ಲಿ ಮಾಡಿನೋಡಲು ಮುಚ್ಚಳವಿರುವ ಅಗಲ ಬಾಯಿಯ ಜಾಡಿಯೇ ಆಗಬೇಕು. ತಳಕ್ಕೆ ಹೆಚ್ಚುವರಿ ನೀರು ತಂಗಲು ಒಂದಿಷ್ಟು ಹಂಚಿನ ಚೂರು, ಮೇಲೆ ಇದ್ದಿಲ ಪುಡಿ, ಅದರ ಮೇಲೆ ತೆಂಗಿನ ನಾರಿನ ಪುಡಿ ಬೆರೆಸಿದ ಮಣ್ಣು. ನೀರು ಚಮಚದ ಲೆಕ್ಕದಲ್ಲಿ, ಏಕೆಂದರೆ ಇಲ್ಲಿ ನೀರು ಹೆಚ್ಚಾದರೆ ಹೊರಹೋಗುವ ದಾರಿಯಿಲ್ಲ. ಸಣ್ಣ ಜರೀಗಿಡ, ಹಾವಸೆ, ಫಿಟ್ಟೋನಿಯ ಒಗ್ಗುತ್ತವೆ. ಕಳ್ಳಿಯ ಜಾತಿಯವು ಬೂಷ್ಟು ಹಿಡಿದು ಸಾಯುತ್ತವೆ. ಗಾಜಿಗೆ ಇಡೀ ದಿನ ಹನಿ ಕಟ್ಟಿದ್ದರೆ ಮುಚ್ಚಳ ತೆಗೆದು ಒಂದೆರಡು ಗಂಟೆ ಆರಿಸಿ. ಹಾವಸೆಯನ್ನು ಮಳೆಗಾಲದಲ್ಲಿ ನಿಮ್ಮದೇ ಕಾಂಪೌಂಡಿನ ಗೋಡೆಯಿಂದ ತೆಗೆಯಿರಿ. ಮಲೆನಾಡಿನ ಪ್ರವಾಸಕ್ಕೆ ಹೋದಾಗ ಕಾಡಿನ ಬಂಡೆಯಿಂದ ಕಿತ್ತು ತರಬೇಡಿ, ಅದು ಮತ್ತೆ ಹಬ್ಬಲು ವರ್ಷಗಳೇ ಬೇಕು.

ಮನೆಯೊಳಗಿನ ಗಿಡ ಗಾಳಿಯ ವಿಷವನ್ನೆಲ್ಲ ಹೀರುತ್ತದೆ ಎಂಬ ಮಾತನ್ನು ನರ್ಸರಿಯಲ್ಲಿ ಎಲ್ಲರೂ ಹೇಳುತ್ತಾರೆ. ಅದರ ಮೂಲ 1989ರ ನಾಸಾ ಅಧ್ಯಯನ. ಆ ಪರೀಕ್ಷೆ ನಡೆದದ್ದು ಮುಚ್ಚಿದ ಸಣ್ಣ ಕೋಣೆಗಳಲ್ಲಿ. ಅಂಥ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಹೇಳಿದ್ದು ಬೇರೆ: ಸಾಮಾನ್ಯ ಕಟ್ಟಡದ ಗಾಳಿಯಾಟ ಮಾಡುವಷ್ಟು ಕೆಲಸವನ್ನು ಗಿಡಗಳು ಮಾಡಬೇಕಾದರೆ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು. ಗಾಳಿ ಶುದ್ಧವಾಗಬೇಕಾದರೆ ಕಿಟಕಿ ತೆರೆಯಿರಿ. ಗಿಡವನ್ನು ಇಟ್ಟುಕೊಳ್ಳಲು ಅದು ಚೆಂದ ಎಂಬ ಕಾರಣವೊಂದೇ ಸಾಕು.

ಇಡುವ ಜಾಗದ ಬಗ್ಗೆ ಎಚ್ಚರ ಬೇಕು. ಪೂರ್ವದ ಕಿಟಕಿಯ ಎಳೆಬಿಸಿಲು ಒಳ್ಳೆಯದು. ನಡುಹಗಲ ನೇರ ಬಿಸಿಲಲ್ಲಿ ನೀರು ಕಾದು ಬೇರು ಬೇಯುತ್ತದೆ, ಅಷ್ಟೇ ಅಲ್ಲ, ನೀರು ತುಂಬಿದ ದುಂಡನೆಯ ಬಿಳಿ ಬಾಟಲಿ ಭೂತಗನ್ನಡಿಯಾಗಿ ಪರದೆಗೋ ಕಾಗದಕ್ಕೋ ಬೆಂಕಿ ತಾಗಿಸಬಲ್ಲದು. ಅಪಾರ್ಟ್‌ಮೆಂಟಿನ ಬಾಲ್ಕನಿಯ ಕಟ್ಟೆಯ ಮೇಲೆ ಎಂದೂ ಇಡಬೇಡಿ, ಕೆಳಗೆ ಜನ ಓಡಾಡುತ್ತಾರೆ. ಮನಿ ಪ್ಲಾಂಟ್, ಸಿಂಗೋನಿಯಂ, ಫಿಲೋಡೆಂಡ್ರಾನ್‌ನ ಎಲೆಗಳಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ. ಜಗಿದರೆ ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತದೆ. ಅಂಬೆಗಾಲಿಡುವ ಮಗು, ಬೆಕ್ಕು, ನಾಯಿಗೆ ಎಟುಕದಷ್ಟು ಎತ್ತರದಲ್ಲಿರಲಿ.

ಇಷ್ಟೆಲ್ಲ ಜೋಪಾನ ಮಾಡಿದರೂ ಗಾಜು ಗಾಜೇ, ಒಂದಲ್ಲ ಒಂದು ದಿನ ಕೈಜಾರುತ್ತದೆ. ಆಗ ಕುಡಿಯನ್ನು ಇನ್ನೊಂದು ಬಾಟಲಿಗೆ ಹಾಕಿ. ಚೂರುಗಳನ್ನು ದಪ್ಪ ಪೇಪರಿನಲ್ಲಿ ಎರಡು ಮೂರು ಸುತ್ತು ಸುತ್ತಿ, ರಟ್ಟಿನ ಡಬ್ಬಿಗೆ ಹಾಕಿ, ಮೇಲೆ ದೊಡ್ಡದಾಗಿ ‘ಒಡೆದ ಗಾಜು’ ಎಂದು ಬರೆದು, ಒಣ ಕಸದ ದಿನ ಪೌರಕಾರ್ಮಿಕರ ಕೈಗೇ ಕೊಟ್ಟು ಬಾಯಿಬಿಟ್ಟು ಹೇಳಿ. ಅವರಲ್ಲಿ ಅನೇಕರು ಇಂದಿಗೂ ಬರಿಗೈಯಲ್ಲಿ ನಮ್ಮ ಕಸ ಬಿಡಿಸುತ್ತಿದ್ದಾರೆ.